ಹೆಸರು ಒಂದೇ, ಓಟ ಬೇರೆ: ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು ಹೋಲಿಸುವುದು ಹೇಗೆ?



ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದಾದರೂ ಹಳೆಯ ಡೆಸ್ಕ್‌ಟಾಪ್ ಇರಬೇಕಲ್ಲವೇ? ಬಟನ್ ಒತ್ತಿ, ಚಹಾ ಕುಡಿದು ಬಂದರೂ ಇನ್ನೂ ಚಾಲೂ ಆಗುತ್ತಲೇ ಇರುವಂಥದ್ದು. ಯಳವಿಯ ನಮ್ಮ ಶಾಲೆಯಲ್ಲಿಯೂ ಅಂಥದೊಂದು ಇದೆ. ನಮ್ಮ ಜತ್ತ ಭಾಗದಲ್ಲಿ ಮಳೆ ಕಡಿಮೆಯಾದರೂ ಆಕಾಶ ಮಾತ್ರ ಸ್ವಚ್ಛ. ಅದನ್ನೇ ಉಪಯೋಗ ಮಾಡಿಕೊಂಡು, ಸಂಜೆ ಹೊತ್ತು ಮಕ್ಕಳಿಗೂ ಪಾಲಕರಿಗೂ ಮೊದಲು ಗೋಡೆಯ ಮೇಲೆ ನಕ್ಷತ್ರ ತೋರಿಸಿ, ಆಮೇಲೆ ಹೊರಗೆ ಕರೆದುಕೊಂಡು ಹೋಗಿ ನಿಜವಾದ ಆಕಾಶ ತೋರಿಸಬೇಕು ಎಂದು ಯೋಚನೆ ಮಾಡಿದೆವು. ಅದಕ್ಕೆ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ಹಾಕಿದರೆ, ನಮ್ಮ ಕಂಪ್ಯೂಟರ್ ಅದನ್ನು ತೆರೆಯಲೇ ಇಲ್ಲ. "ಇದಕ್ಕ ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಬೇಕ್ರಿ ಸರ್" ಅಂದ, ಕಂಪ್ಯೂಟರ್ ಬಲ್ಲ ಒಬ್ಬ ಹಳೆಯ ವಿದ್ಯಾರ್ಥಿ.

ಊರಲ್ಲಿ ಪಟ್ಟಿ ಎತ್ತಿದೆವು. ದಾಳಿಂಬೆ ತೋಟ ಇದ್ದವರು ಐನೂರು ಕೊಟ್ಟರು, ಕಬ್ಬು ಕಡಿಯಲು ಹೋಗಿಬರುವ ಪಾಲಕರೊಬ್ಬರು ಐವತ್ತು ಕೊಟ್ಟರು. ಜಿಟಿ 1030 ಎಂಬ ಹೆಸರಿನ, 2 ಜಿಬಿ ಮೆಮರಿಯ ಕಾರ್ಡು ತಂದು ಕೂಡಿಸಿದೆವು. ಸ್ಟೆಲೇರಿಯಂ ತೆರೆಯಿತು. ಎಲ್ಲರೂ ಖುಷಿಪಟ್ಟೆವು.

ಪಕ್ಕದ ಊರಿನ ಗುರುಗಳೊಬ್ಬರೂ ತಮ್ಮ ಶಾಲೆಗೆ ಅದೇ ಜಿಟಿ 1030, ಅದೇ 2 ಜಿಬಿ ಕಾರ್ಡು ತಂದಿದ್ದರು. ವಿಜ್ಞಾನ ಪ್ರದರ್ಶನಕ್ಕೆಂದು ಆ ಶಾಲೆಗೆ ಹೋಗಿಬಂದ ನಮ್ಮ 7ನೇ ಇಯತ್ತೆಯ ಹುಡುಗಿಯೊಬ್ಬಳು ಮರುದಿನ ಕೇಳಿದಳು: "ಸರ್, ಅವರ ಸಾಲಿದೂ ಅದ ಕಾರ್ಡ್ ಅಂತ ಹೇಳಿದ್ರು. ಆದ್ರ ಅಲ್ಲಿ ಚಿತ್ರ ನೀರ್ ಹರದಂಗ ಓಡ್ತದ್ರಿ. ನಮ್ದು ಯಾಕ ತಡ್ದು ತಡ್ದು ಓಡ್ತೈತ್ರಿ?"

"ಅವರ ಕಂಪ್ಯೂಟರ್ ಹೊಸದು, ಅದಕ್ಕೇ" ಎಂದು ಹೇಳಿ ಕೈ ತೊಳೆದುಕೊಂಡೆ. ಆದರೆ ಆ ಉತ್ತರ ನನಗೇ ಸರಿಬರಲಿಲ್ಲ. ವಿಜ್ಞಾನ ಕಲಿಸುವವನು ನೋಡದೆಯೇ ಉತ್ತರ ಕೊಟ್ಟಿದ್ದೆನಲ್ಲ! ಅದೂ ಅಲ್ಲದೆ ಅದು ಪಟ್ಟಿಯ ಹಣ. ನಾಳೆ ಯಾರಾದರೂ ಲೆಕ್ಕ ಕೇಳಿದರೆ ಏನು ಹೇಳುವುದು? ಹೀಗೆ ಶುರುವಾದ ಹುಡುಕಾಟದಲ್ಲಿ ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನೀವು ಕಾರ್ಡು ಕೊಳ್ಳುವವರಿದ್ದರೂ ಸರಿ, ಇಲ್ಲದಿದ್ದರೂ ಸರಿ. ಒಂದು ಒಳ್ಳೆಯ ಪ್ರಯೋಗಪಾಠ ಮಾತ್ರ ಇದರಲ್ಲಿ ಖಂಡಿತ ಇದೆ.

ಮೊದಲು, ಈ ಕಾರ್ಡು ಮಾಡುವ ಕೆಲಸವೇನು?

ನಿಮ್ಮ ಎದುರಿಗಿರುವ ಪರದೆಯನ್ನು ಹತ್ತಿರದಿಂದ ನೋಡಿ. ಅದು ಸಣ್ಣ ಸಣ್ಣ ಚುಕ್ಕೆಗಳ ರಾಶಿ. ಈ ಚುಕ್ಕೆಗೆ ಪಿಕ್ಸೆಲ್ ಎನ್ನುತ್ತಾರೆ. ಅಡ್ಡ 1920, ಉದ್ದ 1080 ಚುಕ್ಕೆಗಳಿರುವ ಪರದೆಯಲ್ಲಿ ಒಟ್ಟು ಎಷ್ಟು ಚುಕ್ಕೆ? ಗುಣಿಸಿದರೆ 20,73,600. ಚಿತ್ರ ಚಲಿಸಿದಂತೆ ಕಾಣಬೇಕಾದರೆ ಇಷ್ಟೂ ಚುಕ್ಕೆಗಳ ಬಣ್ಣವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕು. ಅಂದರೆ ಒಂದು ಸೆಕೆಂಡಿಗೆ 12 ಕೋಟಿ 44 ಲಕ್ಷಕ್ಕೂ ಹೆಚ್ಚು ಚುಕ್ಕೆ! ಪ್ರತಿ ಚುಕ್ಕೆಗೂ ಬೆಳಕು ಎಲ್ಲಿಂದ ಬಿತ್ತು, ಯಾವ ವಸ್ತು ಮುಂದೆ, ಯಾವುದು ಹಿಂದೆ ಎಂಬ ಲೆಕ್ಕ ಬೇರೆ.

ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಬಹಳ ಜಾಣ, ಆದರೆ ಅದರಲ್ಲಿ ಕೆಲಸ ಮಾಡುವ ಕೈಗಳು ಕಡಿಮೆ: ಎರಡು, ನಾಲ್ಕು, ಎಂಟು ಕೋರ್. ಗ್ರಾಫಿಕ್ಸ್ ಚಿಪ್ಪಿನಲ್ಲಿ ನೂರಾರು ಸಣ್ಣ ಕೋರ್‌ಗಳಿರುತ್ತವೆ. ಒಂದೊಂದೂ ಅಷ್ಟೇನೂ ಜಾಣ ಅಲ್ಲ, ಆದರೆ ಒಂದೇ ತೆರನ ಲೆಕ್ಕವನ್ನು ಎಲ್ಲವೂ ಒಟ್ಟಿಗೆ ಮಾಡುತ್ತವೆ. ಒಬ್ಬ ಗುರುಗಳೇ ಕೂತು ಮುನ್ನೂರು ಗುಣಾಕಾರ ಮಾಡುವುದಕ್ಕೂ, ಮುನ್ನೂರು ಮಕ್ಕಳಿಗೆ ಒಂದೊಂದು ಹಂಚುವುದಕ್ಕೂ ಇರುವ ವ್ಯತ್ಯಾಸ ಇದೇ. ಎನ್‌ವಿಡಿಯಾ ಕಂಪನಿಯು 1999ರಲ್ಲಿ ಜಿಫೋರ್ಸ್ 256 ಎಂಬ ಕಾರ್ಡನ್ನು ಮಾರುಕಟ್ಟೆಗೆ ತಂದಾಗ ಇಂಥ ಚಿಪ್ಪಿಗೆ 'ಜಿಪಿಯು' ಎಂಬ ಹೆಸರು ಜನಪ್ರಿಯವಾಯಿತು.

ಹೋಲಿಸಿದೆವು, ಆದರೆ ಸರಿಯಾಗಿ ಹೋಲಿಸಿದೆವಾ?

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಅವಳು ನೋಡಿದ್ದು ನಿಜ. ಆದರೆ ಅವಳು ಹೋಲಿಸಿದ್ದು ಎರಡು ಕಾರ್ಡುಗಳನ್ನಲ್ಲ, ಎರಡು ಶಾಲೆಗಳನ್ನು! ಅವರ ಕಂಪ್ಯೂಟರಿನ ಪ್ರೊಸೆಸರ್ ಬೇರೆ, ರ‍್ಯಾಮ್ ಬೇರೆ, ಪರದೆ ಬೇರೆ. ಅಲ್ಲಿಯ ಮಾನಿಟರ್ 1366 ಅಡ್ಡ 768 ಉದ್ದದ್ದು. ನಮ್ಮ ಪ್ರೊಜೆಕ್ಟರ್ 1920 ಅಡ್ಡ 1080. ಗುಣಿಸಿ ನೋಡಿ: ಅವರ ಪರದೆಯಲ್ಲಿ 10,49,088 ಚುಕ್ಕೆ, ನಮ್ಮಲ್ಲಿ 20,73,600. ಅಂದರೆ ಅವರ ಕಾರ್ಡಿಗೆ ನಮ್ಮದರ ಅರ್ಧ ಕೆಲಸ ಮಾತ್ರ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಸಜ್ಜೆಯ ಎರಡು ಬೀಜ ತಂದು, ಒಂದನ್ನು ಕರಿ ಹೊಲದಲ್ಲಿ, ಇನ್ನೊಂದನ್ನು ಮಡ್ಡಿ ಹೊಲದಲ್ಲಿ ಬಿತ್ತಿ, "ಈ ಬೀಜ ಚಲೋ, ಆ ಬೀಜ ಹುಸಿ" ಎಂದರೆ ಯಾರಾದರೂ ಒಪ್ಪುತ್ತಾರೆಯೇ? ಬೀಜ ನೋಡಬೇಕಾದರೆ ಹೊಲ ಒಂದೇ ಇರಬೇಕು, ಬಿತ್ತಿದ ದಿನ ಒಂದೇ ಇರಬೇಕು, ಗೊಬ್ಬರ ನೀರು ಒಂದೇ ಇರಬೇಕು. ಬದಲಾಗುವುದು ಬೀಜವೊಂದೇ. ಚರಾಂಶ, ನಿಯಂತ್ರಿತ ಅಂಶ ಎಂದು ನಾವು ತರಗತಿಯಲ್ಲಿ ಹೇಳುವುದು ಇದನ್ನೇ.

ಹಾಗಾಗಿ ಒಂದು ಶನಿವಾರ, ಮುಂಜಾನೆಯ ಶಾಲೆ ಮುಗಿದ ಮೇಲೆ, ಆ ಗುರುಗಳು ತಮ್ಮ ಕಾರ್ಡನ್ನು ಬಿಚ್ಚಿಕೊಂಡು ಯಳವಿಗೆ ಬಂದರು. ಕಂಪ್ಯೂಟರ್ ನಮ್ಮದೇ, ಪ್ರೊಜೆಕ್ಟರ್ ನಮ್ಮದೇ, ತಂತ್ರಾಂಶ ಅದೇ, ಡ್ರೈವರ್ ಆವೃತ್ತಿಯೂ ಅದೇ. ಮೊದಲು ನಮ್ಮ ಕಾರ್ಡು, ಆಮೇಲೆ ಅವರದು, ಮತ್ತೆ ನಮ್ಮದು. ಮೂರನೆಯ ಸಲ ಯಾಕೆ ಅಂತೀರಾ? ನಡುವೆ ಬೇರೆ ಏನಾದರೂ ಬದಲಾಗಿದ್ದರೆ ತಿಳಿಯಲಿ ಎಂದು.

ಪರೀಕ್ಷೆಗೆ ಎರಡು ಕೆಲಸ ಇಟ್ಟೆವು. ಮೊದಲನೆಯದು ನಮ್ಮ ಸ್ಟೆಲೇರಿಯಂ. ಎರಡನೆಯದು ಯುನಿಜಿನ್ ಹೆವನ್ ಎಂಬ ಉಚಿತ ಪರೀಕ್ಷಾ ತಂತ್ರಾಂಶ. ಅದು ಆಕಾಶದಲ್ಲಿ ತೇಲುವ ಒಂದು ಊರಿನ ಚಿತ್ರವನ್ನು ಪ್ರತಿ ಸಲ ಅದೇ ದಾರಿಯಲ್ಲಿ ತೋರಿಸುತ್ತಾ, ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಲು ಸಾಧ್ಯವಾಯಿತು ಎಂದು ಅಳೆಯುತ್ತದೆ. ಅಂಥ ಒಂದೊಂದು ಚಿತ್ರಕ್ಕೆ ಫ್ರೇಮ್ ಎಂದು ಹೆಸರು.

ಫಲಿತಾಂಶ ನಮ್ಮನ್ನು ತಬ್ಬಿಬ್ಬು ಮಾಡಿತು. ಸ್ಟೆಲೇರಿಯಂನಲ್ಲಿ ಎರಡೂ ಕಾರ್ಡು ಒಂದೇ ತೆರ. ಬರಿಗಣ್ಣಿಗೆ ಫರಕು ತಿಳಿಯಲಿಲ್ಲ. ಆದರೆ ಹೆವನ್‌ನಲ್ಲಿ ನಮ್ಮ ಕಾರ್ಡು ಅವರದಕ್ಕಿಂತ ಬಹಳ ಹಿಂದೆ ಬಿತ್ತು. ಮತ್ತೆ ಮತ್ತೆ ಮಾಡಿದರೂ ಅದೇ. ಕಂಪ್ಯೂಟರ್ ಒಂದೇ, ಹೆಸರು ಒಂದೇ, 2 ಜಿಬಿ ಒಂದೇ. ಹಾಗಾದರೆ ಬೇರೆಯಾದದ್ದು ಯಾವುದು?

ಡಬ್ಬಿಯ ಮೂಲೆಯ ಸಣ್ಣ ಅಕ್ಷರ

ಇಬ್ಬರೂ ಡಬ್ಬಿಗಳನ್ನು ತಂದು ಪಕ್ಕಪಕ್ಕ ಇಟ್ಟು ನೋಡಿದೆವು. ಅವರ ಡಬ್ಬಿಯ ಮೂಲೆಯಲ್ಲಿ ಜಿಡಿಡಿಆರ್5 ಎಂದಿತ್ತು. ನಮ್ಮ ಡಬ್ಬಿಯಲ್ಲಿ ಡಿಡಿಆರ್4. ಬಿಲ್ಲಿನಲ್ಲಿ ಎರಡಕ್ಕೂ "1030, 2 ಜಿಬಿ" ಎಂದಷ್ಟೇ ಬರೆದಿತ್ತು. ನೋಡದೆ ತಂದದ್ದು ನಾನು; ತಪ್ಪು ನನ್ನದೇ.

ವಿಷಯ ಹೀಗಿದೆ. ಜಿಟಿ 1030 ಕಾರ್ಡು 2017ರ ಮೇ ತಿಂಗಳಲ್ಲಿ ಹೊರಬಂದಾಗ ಅದರಲ್ಲಿದ್ದದ್ದು ಜಿಡಿಡಿಆರ್5 ಮೆಮರಿ. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮರಿಯ ಇನ್ನೊಂದು ಕಾರ್ಡೂ ಬಂತು. ಎರಡರಲ್ಲೂ ಕೋರ್‌ಗಳು 384. ಎರಡರಲ್ಲೂ ಮೆಮರಿ 2 ಜಿಬಿ. ಎರಡರಲ್ಲೂ ಚಿಪ್ಪು ಮತ್ತು ಮೆಮರಿಯ ನಡುವಿನ ದಾರಿಯ ಅಗಲ 64 ಬಿಟ್. ಕೋರ್‌ಗಳ ಗರಿಷ್ಠ ವೇಗ ಮೊದಲನೆಯದರಲ್ಲಿ 1468 ಮೆಗಾಹರ್ಟ್ಸ್, ಎರಡನೆಯದರಲ್ಲಿ ಸುಮಾರು 1380. ವಿದ್ಯುತ್ತು ಮೊದಲನೆಯದಕ್ಕೆ 30 ವ್ಯಾಟ್, ಎರಡನೆಯದಕ್ಕೆ 20 ವ್ಯಾಟ್. ಇಷ್ಟು ಓದಿದರೆ ನಿಮಗೂ "ಅಲ್ಪಸ್ವಲ್ಪ ಫರಕು ಅಷ್ಟೇ" ಅನಿಸುತ್ತದೆ.

ಆದರೆ ಮೆಮರಿಯ ಒಂದೊಂದು ತಂತಿಯ ಮೇಲೆ ಸೆಕೆಂಡಿಗೆ ಎಷ್ಟು ಬಿಟ್ ಹರಿಯುತ್ತದೆ ಎಂದು ಕೇಳಿ. ಜಿಡಿಡಿಆರ್5ರಲ್ಲಿ 600 ಕೋಟಿ ಬಿಟ್. ಡಿಡಿಆರ್4ರಲ್ಲಿ 210 ಕೋಟಿ ಬಿಟ್. ಈಗ ಪಾಟಿಯ ಮೇಲೆ ಲೆಕ್ಕ ಮಾಡೋಣ. 8 ಬಿಟ್ ಸೇರಿದರೆ 1 ಬೈಟ್, 100 ಕೋಟಿ ಬೈಟ್‌ಗೆ 1 ಜಿಬಿ ಎಂದು ಹಿಡಿಯಿರಿ.

ಜಿಡಿಡಿಆರ್5: 64 × 600 ಕೋಟಿ ÷ 8 = 4800 ಕೋಟಿ ಬೈಟ್, ಅಂದರೆ ಸೆಕೆಂಡಿಗೆ 48 ಜಿಬಿ.

ಡಿಡಿಆರ್4: 64 × 210 ಕೋಟಿ ÷ 8 = 1680 ಕೋಟಿ ಬೈಟ್, ಅಂದರೆ ಸೆಕೆಂಡಿಗೆ 16.8 ಜಿಬಿ.

ಮೂರರಲ್ಲಿ ಒಂದು ಪಾಲು ಎಂದರೂ ಸರಿ! ಡಬ್ಬಿಯ ಮೇಲೆ ದೊಡ್ಡದಾಗಿ ಬರೆದದ್ದು ಮೆಮರಿ ಎಷ್ಟು ಹಿಡಿಸುತ್ತದೆ ಎಂಬುದನ್ನು. ಸೆಕೆಂಡಿಗೆ ಎಷ್ಟು ಹರಿಯುತ್ತದೆ ಎಂಬುದನ್ನಲ್ಲ.

ಪಾಲಕರ ಸಭೆಯಲ್ಲಿ ಇದನ್ನು ಹೇಗೆ ತಿಳಿಸಿ ಹೇಳುವುದೆಂದು ನಾನು ತಡವರಿಸುತ್ತಿದ್ದಾಗ, ಐವತ್ತು ರೂಪಾಯಿ ಕೊಟ್ಟಿದ್ದ ಅದೇ ಪಾಲಕರು ಹಿಂದಿನಿಂದ ಅಂದರು: "ಅಂದ್ರ ಸರ್ರ, ಟಾಕಿ ನೋಡಿ ತಂದ್ರಿ, ನಳ ನೋಡ್ಲಿಲ್ಲ ಅನ್ರಿ." ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಊರಿನಲ್ಲಿ ಇದಕ್ಕಿಂತ ಚೆನ್ನಾದ ವಿವರಣೆ ಯಾರು ಕೊಟ್ಟಾರು? ಎರಡೂ ಟಾಕಿಗಳು ಹಿಡಿಸುವ ನೀರು ಅಷ್ಟೇ. ನಳದ ಅಗಲವೂ ಅಷ್ಟೇ. ಆದರೆ ಒಂದರಲ್ಲಿ ನೀರು ರಭಸದಿಂದ ಬರುತ್ತದೆ, ಇನ್ನೊಂದರಲ್ಲಿ ಸಣ್ಣಗೆ ಬರುತ್ತದೆ. ಕೊಡ ಹಿಡಿದು ನಿಂತ 384 ಜನ ಎರಡೂ ಕಡೆ ಇದ್ದಾರೆ. ನೀರು ಸಣ್ಣಗೆ ಬರುವ ಕಡೆ ಅವರು ಸುಮ್ಮನೆ ನಿಲ್ಲಬೇಕು.

ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ?

ಇದನ್ನೂ ಲೆಕ್ಕ ಹಾಕಬಹುದು. 9ನೇ, 10ನೇ ಇಯತ್ತೆಯ ಮಕ್ಕಳಿಗೆ ಕೊಡಿ, ಬಿಡಿಸುತ್ತಾರೆ. ಒಂದು ಕೋರ್ ಒಂದು ಬಡಿತದಲ್ಲಿ ಒಂದು ಗುಣಾಕಾರ, ಒಂದು ಕೂಡಿಸುವಿಕೆ, ಹೀಗೆ ಎರಡು ಲೆಕ್ಕ ಮಾಡಬಲ್ಲದು. 1468 ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ 146.8 ಕೋಟಿ ಬಡಿತ. ಆದ್ದರಿಂದ ಮೊದಲ ಕಾರ್ಡಿನ ಸಾಮರ್ಥ್ಯ 384 × 2 × 146.8 ಕೋಟಿ, ಸುಮಾರು 1,12,700 ಕೋಟಿ ಲೆಕ್ಕ. ಎರಡನೆಯದರದು 384 × 2 × 138 ಕೋಟಿ, ಸುಮಾರು 1,06,000 ಕೋಟಿ. ಫರಕು ನೂರಕ್ಕೆ ಆರು ಮಾತ್ರ.

ಈಗ ಮೆಮರಿಯಿಂದ ಬರುವ ಒಂದು ಸಂಖ್ಯೆ 4 ಬೈಟ್ ಎಂದುಕೊಳ್ಳಿ. ಮೊದಲ ಕಾರ್ಡಿಗೆ ಸೆಕೆಂಡಿಗೆ 1200 ಕೋಟಿ ಸಂಖ್ಯೆಗಳು ಬರುತ್ತವೆ. ಎರಡನೆಯದಕ್ಕೆ 420 ಕೋಟಿ. ಭಾಗಿಸಿದರೆ, ಮೊದಲ ಕಾರ್ಡಿನ ಕೋರ್‌ಗಳು ಖಾಲಿ ಕೂಡ್ರಬಾರದು ಎಂದರೆ ತಂದ ಪ್ರತಿ ಸಂಖ್ಯೆಯ ಮೇಲೆ ಸುಮಾರು 94 ಲೆಕ್ಕ ಮಾಡಬೇಕು. ಎರಡನೆಯದರಲ್ಲಿ ಸುಮಾರು 252 ಲೆಕ್ಕ ಮಾಡಬೇಕು! ಚಿಪ್ಪಿನ ಒಳಗೇ ಇರುವ ಸಣ್ಣ ಸಂಗ್ರಹ ಸ್ವಲ್ಪ ಸಹಾಯ ಮಾಡುತ್ತದೆ, ನಿಜ. ಆದರೂ ಚಿತ್ರ ಬಿಡಿಸುವ ಕೆಲಸದಲ್ಲಿ ಬಣ್ಣ ತಂದು, ಬಳಿದು, ಮತ್ತೆ ಮೆಮರಿಗೆ ಒಯ್ದಿಡುವುದೇ ಹೆಚ್ಚು. ಅದಕ್ಕಾಗಿಯೇ 2018ರಲ್ಲಿ ಈ ಎರಡು ಕಾರ್ಡುಗಳನ್ನು ಪರೀಕ್ಷೆ ಮಾಡಿದವರಿಗೆ, ಹಲವು ಆಟಗಳಲ್ಲಿ ಡಿಡಿಆರ್4 ಕಾರ್ಡು ಇನ್ನೊಂದರ ಅರ್ಧದಷ್ಟೇ ಓಡುವುದು ಕಂಡುಬಂತು. ಲೆಕ್ಕದ ಶಕ್ತಿಯಲ್ಲಿ ನೂರಕ್ಕೆ ಆರು ಕಡಿಮೆ, ಹರಿವಿನಲ್ಲಿ ನೂರಕ್ಕೆ 65 ಕಡಿಮೆ. ನಿಜವಾದ ಓಟ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ.

ಇದು ಸಣ್ಣ ಕಾರ್ಡಿನ ಕಥೆ ಮಾತ್ರ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಆರಂಭಿಸಿದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ. ಅದರೊಳಗೂ ಇಂಥ ಗ್ರಾಫಿಕ್ಸ್ ಚಿಪ್ಪುಗಳ ದೊಡ್ಡಣ್ಣಂದಿರು ದುಡಿಯುತ್ತಾರೆ. ಜಪಾನಿನ ಫುಗಾಕು ಎಂಬ ಯಂತ್ರವು ಲಿನ್‌ಪ್ಯಾಕ್ ಎಂಬ ಪರೀಕ್ಷೆಯಲ್ಲಿ 442 ಪೆಟಾಫ್ಲಾಪ್ಸ್ ಮಾಡಿ ತೋರಿಸಿತು. ಅದೇ ಯಂತ್ರಕ್ಕೆ, ಮೆಮರಿಯಿಂದ ಹೆಚ್ಚು ಹೆಚ್ಚು ಸಂಖ್ಯೆ ತರಿಸುವ ಎಚ್‌ಪಿಸಿಜಿ ಎಂಬ ಪರೀಕ್ಷೆ ಕೊಟ್ಟರೆ ಬಂದದ್ದು 16. ಯಂತ್ರ ಒಂದೇ, ಪ್ರಶ್ನೆ ಬದಲಾಯಿತು, ಅಂಕ ಬದಲಾಯಿತು. ಹಿಂದಿಯಲ್ಲಿ ಜಾಣನಾದ ಹುಡುಗ ಭೂಮಿತಿಯಲ್ಲಿ ತಿಣುಕುವುದನ್ನು ನಾವು ದಿನಾ ನೋಡುತ್ತೇವಲ್ಲ, ಹಾಗೆಯೇ.

ಹಾಗಾದರೆ ಸ್ಟೆಲೇರಿಯಂನಲ್ಲಿ ಫರಕು ಯಾಕೆ ಕಾಣಲಿಲ್ಲ?

ಒಳ್ಳೆಯ ಪ್ರಶ್ನೆ. ಪ್ರೊಜೆಕ್ಟರ್ ತಾನೇ ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸುವುದಿಲ್ಲ. ಕಾರ್ಡು ಆ ಮಿತಿಗೆ ತಕ್ಕಂತೆ ನಡೆಯುವಂತೆ ವ್ಯವಸ್ಥೆ ಇರುತ್ತದೆ. ಒಂದು ಕಾರ್ಡು 70 ಮಾಡಬಲ್ಲದು, ಇನ್ನೊಂದು 140 ಮಾಡಬಲ್ಲದು ಎಂದುಕೊಳ್ಳಿ. ಎರಡೂ 60ಕ್ಕೇ ನಿಲ್ಲುತ್ತವೆ. ಇಕ್ಕಟ್ಟಾದ ರಸ್ತೆಯಲ್ಲಿ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿದ್ದರೆ, ಹಿಂದಿನ ಎಸ್.ಟಿ. ಬಸ್ಸೂ ಕಾರೂ ಒಂದೇ ವೇಗದಲ್ಲಿ ಬರುತ್ತವೆ. ಅದನ್ನು ನೋಡಿ ಬಸ್ಸೂ ಕಾರೂ ಸಮ ಎನ್ನಲಾಗದು. ಹಾಗೆಯೇ ಪ್ರೊಸೆಸರ್ ತೀರ ಹಳೆಯದಾಗಿದ್ದರೆ ಎಂಥ ಕಾರ್ಡು ಹಾಕಿದರೂ ಓಟ ಅಷ್ಟಕ್ಕೇ ನಿಲ್ಲುತ್ತದೆ. ಒಂದು ಎತ್ತು ಸೊರಗಿದ್ದರೆ ಜೊತೆಯ ಎತ್ತು ಎಷ್ಟೇ ಬಲಶಾಲಿಯಾದರೂ ಬಂಡಿ ಸೊರಗಿದ ಎತ್ತಿನ ನಡಿಗೆಯಲ್ಲೇ ಹೋಗುವುದು.

ಇಲ್ಲಿ ನಮ್ಮ ಶಾಲೆಗೆ ಸಮಾಧಾನದ ಮಾತೂ ಸಿಕ್ಕಿತು. ನಾವು ಕಾರ್ಡು ತಂದದ್ದು ಆಕಾಶ ತೋರಿಸುವುದಕ್ಕೆ. ಆ ಕೆಲಸಕ್ಕೆ ನಮ್ಮ ಡಿಡಿಆರ್4 ಕಾರ್ಡೇ ಸಾಕು. ಹುಡುಗಿ ಅವರ ಶಾಲೆಯಲ್ಲಿ ನೋಡಿದ್ದು ಬೇರೆಯೇ: ಬೆಟ್ಟ ಗುಡ್ಡಗಳ ಮೂರು ಆಯಾಮದ ಚಿತ್ರ. ಅಂಥದಕ್ಕೆ ನಮ್ಮದು ಸಾಲದು. ಆದ್ದರಿಂದ 'ಯಾವ ಕಾರ್ಡು ಚಲೋ' ಎಂಬ ಪ್ರಶ್ನೆ ಅರ್ಧ ಪ್ರಶ್ನೆ. 'ಯಾವ ಕೆಲಸಕ್ಕೆ ಚಲೋ' ಎಂದಾಗಲೇ ಅದು ಪೂರ್ಣವಾಗುತ್ತದೆ.

ಸರಾಸರಿಯ ಮೋಸ

ಪರೀಕ್ಷೆ ಮುಗಿದ ಮೇಲೆ ತಂತ್ರಾಂಶ ಒಂದು ಸರಾಸರಿ ಅಂಕ ಕೊಡುತ್ತದೆ. ಅದನ್ನೇ ನಂಬಿ ಕೂಡ್ರಬೇಡಿ. ಒಂದು ಉದಾಹರಣೆ ನೋಡಿ, ಇದು ತಿಳಿಯಲಿಕ್ಕೆಂದು ನಾನೇ ಮಾಡಿದ ಲೆಕ್ಕ.

ಮೊದಲ ಕಾರ್ಡು ಹತ್ತು ಚಿತ್ರಗಳನ್ನು ತಲಾ 20 ಮಿಲಿಸೆಕೆಂಡಿನಲ್ಲಿ ಬಿಡಿಸಿತು. ಒಟ್ಟು 200 ಮಿಲಿಸೆಕೆಂಡ್.

ಎರಡನೆಯ ಕಾರ್ಡು ಒಂಬತ್ತು ಚಿತ್ರಗಳನ್ನು ತಲಾ 10 ಮಿಲಿಸೆಕೆಂಡಿನಲ್ಲಿ ಬಿಡಿಸಿ, ಹತ್ತನೆಯದಕ್ಕೆ 110 ಮಿಲಿಸೆಕೆಂಡ್ ತಗೊಂಡಿತು. ಒಟ್ಟು 200 ಮಿಲಿಸೆಕೆಂಡ್.

ಎರಡರ ಸರಾಸರಿಯೂ ಸೆಕೆಂಡಿಗೆ 50 ಚಿತ್ರ. ಕಾಗದದ ಮೇಲೆ ಇಬ್ಬರೂ ಸಮ. ಆದರೆ ಕಣ್ಣಿಗೆ? ಮೊದಲನೆಯದು ಹಗುರವಾಗಿ ಹರಿಯುತ್ತದೆ, ಎರಡನೆಯದು ಹತ್ತನೆಯ ಚಿತ್ರಕ್ಕೊಮ್ಮೆ ಎಡವುತ್ತದೆ. ಹುಡುಗಿ ಹೇಳಿದ "ತಡ್ದು ತಡ್ದು" ಇದೇ.

ನಮ್ಮ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷದ ಮಳೆ ಸರಾಸರಿಗೆ ಸರಿಯಾಗಿ ಬಿತ್ತು ಎಂದು ಪತ್ರಿಕೆಯಲ್ಲಿ ಬರುತ್ತದೆ. ಆದರೆ ಬಿತ್ತನೆ ಹೊತ್ತಿಗೆ ಬಾರದೆ, ಒಂದೇ ರಾತ್ರಿ ಸುರಿದು ಹಳ್ಳ ಹಿಡಿದು ಹೋದ ಮಳೆಯೂ ಆ ಸರಾಸರಿಯೊಳಗೇ ಸೇರಿರುತ್ತದೆ. ಪೈರು ಸರಾಸರಿ ಕುಡಿದು ಬದುಕುವುದಿಲ್ಲ. ಅದಕ್ಕೇ ಬಲ್ಲವರು ಕಾರ್ಡು ಪರೀಕ್ಷಿಸುವಾಗ ಸರಾಸರಿಯ ಜೊತೆಗೆ, ಎಲ್ಲಕ್ಕಿಂತ ನಿಧಾನವಾದ ನೂರಕ್ಕೊಂದು ಪಾಲು ಚಿತ್ರಗಳ ಲೆಕ್ಕವನ್ನೂ ಬೇರೆಯಾಗಿ ಕೊಡುತ್ತಾರೆ. ನೀವು ಎಲ್ಲಿಯಾದರೂ ಹೋಲಿಕೆಯ ಕೋಷ್ಟಕ ಓದಿದರೆ ಆ ಎರಡನೆಯ ಸಾಲನ್ನು ಮೊದಲು ನೋಡಿ.

ತರಗತಿಯಲ್ಲಿ ನೀವೇ ಮಾಡಿ ನೋಡಿ

ಕಾರ್ಡು ಇಲ್ಲದಿದ್ದರೂ ಈ ಪಾಠವನ್ನು ಮಾಡಬಹುದು. ಎರಡು ಒಂದೇ ಅಳತೆಯ ಬಕೆಟ್ ತಗೊಳ್ಳಿ. ಕೆಳಗೆ ಒಂದಕ್ಕೆ ದೊಡ್ಡ ತೂತು, ಇನ್ನೊಂದಕ್ಕೆ ಸಣ್ಣ ತೂತು ಮಾಡಿ. ಎಂಟು ಮಕ್ಕಳ ಎರಡು ತಂಡ ಮಾಡಿ, ಒಬ್ಬೊಬ್ಬರ ಕೈಗೂ ಒಂದು ಲೋಟ ಕೊಡಿ. ಲೋಟ ತುಂಬಿಸಿಕೊಂಡು ಹೋಗಿ ಒಂದು ಗಿಡಕ್ಕೆ ಹಾಕಿ ಬರಬೇಕು. ಐದು ನಿಮಿಷದಲ್ಲಿ ಯಾವ ತಂಡ ಎಷ್ಟು ಗಿಡಕ್ಕೆ ನೀರು ಹಾಕಿತು ಎಣಿಸಿ. ಆಮೇಲೆ ಆಟ ಬದಲಿಸಿ: ನೀರು ಹಾಕಿದ ಮೇಲೆ ಪ್ರತಿ ಗಿಡದ ಸುತ್ತ ಕಳೆಯನ್ನೂ ಕೀಳಬೇಕು. ಈಗ ಎರಡು ತಂಡಗಳ ಅಂತರ ಕಡಿಮೆಯಾಗುವುದನ್ನು ಮಕ್ಕಳೇ ಕಾಣುತ್ತಾರೆ. ಯಾಕೆ ಎಂದು ಅವರೇ ಹೇಳಲಿ. ಪ್ರತಿ ಲೋಟ ನೀರಿನ ಹಿಂದೆ ಕೆಲಸ ಹೆಚ್ಚಾದಾಗ ನಳದ ಮುಂದಿನ ಸಾಲು ಕರಗುತ್ತದೆ. 94 ಮತ್ತು 252ರ ಲೆಕ್ಕ ಇದೇ ಅಲ್ಲವೇ!

ನಿಜವಾದ ಎರಡು ಕಾರ್ಡು ಕೈಗೆ ಸಿಕ್ಕರೆ ಈ ಕ್ರಮ ಇಟ್ಟುಕೊಳ್ಳಿ. ಕಂಪ್ಯೂಟರ್ ಬಂದ್ ಮಾಡಿ, ವೈರ್ ಕಿತ್ತು, ಡಬ್ಬಿಯ ಲೋಹದ ಭಾಗವನ್ನು ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ತು ಕಳೆದುಕೊಂಡ ಮೇಲೆಯೇ ಕಾರ್ಡು ಮುಟ್ಟಿ. ಪರದೆಯ ಚುಕ್ಕೆಗಳ ಸಂಖ್ಯೆ, ತಂತ್ರಾಂಶದ ಆಯ್ಕೆಗಳು ಎರಡಕ್ಕೂ ಒಂದೇ ಇರಲಿ. ಒಂದೊಂದನ್ನೂ ಕನಿಷ್ಠ ಮೂರು ಸಲ ಓಡಿಸಿ, ಮೂರೂ ಅಂಕ ಬರೆದಿಡಿ. ಚಂದ ಕಂಡದ್ದನ್ನು ಮಾತ್ರ ಇಟ್ಟುಕೊಳ್ಳಬೇಡಿ. ಹೊತ್ತನ್ನೂ ಬರೆಯಿರಿ. ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಚಿಪ್ಪು ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಒಂದು ಕಾರ್ಡನ್ನು ಮುಂಜಾನೆ ತಂಪಿನಲ್ಲಿ, ಇನ್ನೊಂದನ್ನು ಮಧ್ಯಾಹ್ನ ಪರೀಕ್ಷಿಸಿದರೆ ಮತ್ತೆ ಕರಿ ಹೊಲ, ಮಡ್ಡಿ ಹೊಲದ ಕಥೆಯೇ ಆಗುತ್ತದೆ.

ಕೊಳ್ಳುವ ಮೊದಲು

ಕೊನೆಗೆ ನಾಲ್ಕು ಮಾತು, ನನ್ನ ತಪ್ಪಿನಿಂದ ಕಲಿತದ್ದು.

ಒಂದು: ಮೊದಲು ಕೆಲಸ ಬರೆಯಿರಿ, ಆಮೇಲೆ ಕಾರ್ಡು ಹುಡುಕಿ. ಪಾಠದ ಪಿಡಿಎಫ್ ತೆರೆಯುವುದು, ವಿಡಿಯೋ ತೋರಿಸುವುದು, ಟೈಪಿಂಗ್ ಕಲಿಸುವುದು ಇಷ್ಟೇ ಆದರೆ ಬೇರೆ ಕಾರ್ಡೇ ಬೇಡ. ಆ ಹಣದಲ್ಲಿ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಹೆಚ್ಚಿಸಿ. ಐದು ನಿಮಿಷ ತಗೊಳ್ಳುತ್ತಿದ್ದ ಕಂಪ್ಯೂಟರ್ ಬೇಗ ಎದ್ದು ನಿಲ್ಲುತ್ತದೆ.

ಎರಡು: ಹೆಸರು, ಜಿಬಿ ಎರಡೇ ನೋಡಿ ನಿಲ್ಲಬೇಡಿ. ಮೆಮರಿಯ ಜಾತಿ ಯಾವುದು, ದಾರಿ ಎಷ್ಟು ಬಿಟ್ ಅಗಲ, ಸೆಕೆಂಡಿಗೆ ಎಷ್ಟು ಜಿಬಿ ಹರಿವು, ಈ ಮೂರನ್ನೂ ಕೇಳಿ, ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಮನೆಗೆ ತಂದ ಮೇಲೆ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಇದೆಲ್ಲವನ್ನೂ ಅದೇ ತೋರಿಸುತ್ತದೆ. ತಂದ ದಿನವೇ ನೋಡಿದರೆ ಬದಲಿಸಿಕೊಳ್ಳುವ ಅವಕಾಶವಾದರೂ ಇರುತ್ತದೆ. ನಾನು ನೋಡಿದ್ದು ಬಹಳ ತಡವಾಗಿ.

ಮೂರು: ವೇಗದ ಕಾರ್ಡು ಎಲ್ಲ ಕೆಲಸಕ್ಕೂ ಒದಗುತ್ತದೆ ಎಂದೂ ತಿಳಿಯಬೇಡಿ. ನಮ್ಮಲ್ಲಿ ಹಲವರು ಪಾಠದ ವಿಡಿಯೋ ತಯಾರಿಸುತ್ತೀರಿ. ವಿಡಿಯೋವನ್ನು ಸಂಕುಚಿತಗೊಳಿಸಿ ಕೊಡುವ ವಿಶೇಷ ಭಾಗ ಬೇರೆ ಅನೇಕ ಕಾರ್ಡುಗಳಲ್ಲಿ ಇರುತ್ತದೆ, ಆದರೆ ಜಿಟಿ 1030ರ ಎರಡೂ ಬಗೆಗಳಲ್ಲಿ ಇಲ್ಲ. ವಿಡಿಯೋ ಬೇಗ ತಯಾರಾಗಲಿ ಎಂದು ಅದನ್ನು ಕೊಂಡರೆ ಹೊರೆಯೆಲ್ಲ ಮತ್ತೆ ಪ್ರೊಸೆಸರಿನ ಮೇಲೆಯೇ ಬೀಳುತ್ತದೆ.

ನಾಲ್ಕು: ನಿಮ್ಮ ಕಂಪ್ಯೂಟರಿನ ಡಬ್ಬಿಯಲ್ಲಿ ಜಾಗ ಎಷ್ಟಿದೆ, ಒಳಗಿನ ವಿದ್ಯುತ್ ಪೆಟ್ಟಿಗೆ ಎಷ್ಟು ವ್ಯಾಟಿನದು ನೋಡಿಕೊಳ್ಳಿ. 20, 30 ವ್ಯಾಟಿನ ಸಣ್ಣ ಕಾರ್ಡುಗಳಿಗೆ ಬೇರೆ ವೈರ್ ಬೇಡ, ಮದರ್‌ಬೋರ್ಡಿನಿಂದಲೇ ವಿದ್ಯುತ್ತು ತಗೊಳ್ಳುತ್ತವೆ. ದೊಡ್ಡ ಕಾರ್ಡುಗಳಿಗೆ ಹಾಗಲ್ಲ.

ಆ ಹುಡುಗಿಗೆ ನಾನು ಕೊಟ್ಟ ಮೊದಲ ಉತ್ತರ ಪೂರ್ತಿ ಸುಳ್ಳೂ ಆಗಿರಲಿಲ್ಲ, ಪೂರ್ತಿ ನಿಜವೂ ಆಗಿರಲಿಲ್ಲ. ಕಂಪ್ಯೂಟರಿನದೂ ಪಾಲು ಇತ್ತು, ಪರದೆಯದೂ ಇತ್ತು, ಕಾರ್ಡಿನದೂ ಇತ್ತು. ಒಂದೊಂದನ್ನೇ ಬದಲಿಸಿ ನೋಡಿದ ಮೇಲೆ ಯಾವುದರ ಪಾಲು ಎಲ್ಲಿ ಎಂದು ತಿಳಿಯಿತು. ಎರಡು ಡಬ್ಬಿಗಳನ್ನೂ ಅವಳ ಕೈಗೇ ಕೊಟ್ಟು, ಫರಕು ಹುಡುಕು ಎಂದೆ. ಐದು ನಿಮಿಷ ತಿರುವಿ ನೋಡಿ, ಮೂಲೆಯ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು, "ಇದನ್ನ ಇಷ್ಟ ಸಣ್ಣದಾಗಿ ಯಾಕ ಬರ್ದಾರ್ರಿ?" ಅಂದಳು. ಆ ಪ್ರಶ್ನೆಗೆ ಉತ್ತರ ವಿಜ್ಞಾನದ ಪುಸ್ತಕದಲ್ಲಿ ಇಲ್ಲ.

ನಮ್ಮ ಕಾರ್ಡು ಈಗಲೂ ಅದೇ ಕಂಪ್ಯೂಟರಿನಲ್ಲಿದೆ. ಮೋಡ ಇಲ್ಲದ ಸಂಜೆ ಗೋಡೆಯ ಮೇಲೆ ಆಕಾಶ ತಿರುಗುತ್ತದೆ. ನಿಮ್ಮ ಶಾಲೆಯಲ್ಲಿಯೂ ಯಾವುದಾದರೂ ಎರಡು ವಸ್ತುಗಳನ್ನು, ಕಾರ್ಡೇ ಆಗಬೇಕೆಂದಿಲ್ಲ, ಎರಡು ಬಲ್ಬಾಗಲಿ, ಎರಡು ಬ್ಯಾಟರಿ ಸೆಲ್ಲಾಗಲಿ, ಮಕ್ಕಳ ಕೈಯಿಂದ ಹೀಗೆ ಹೋಲಿಸಿ ನೋಡಿಸಿ. ಮಾಡಿದ್ದನ್ನು ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಅಂಕಗಳ ಜೊತೆಗೆ ಏನು ಬದಲಿಸಿದಿರಿ, ಏನು ಬದಲಿಸಲಿಲ್ಲ ಎಂಬುದನ್ನೂ ಮರೆಯದೆ ಬರೆಯಿರಿ.